ಶೆವೆಲ್ ಕಾರಿನ ಗಾಜಿನ ಬೀಡಿಂಗ್ ಎದ್ದಿದೆಯೇ? ಕ್ಲಿಪ್ ಬದಲಿಸುವ ಬಗೆ ಹೀಗಿದೆ

ಹೆದ್ದಾರಿಯಲ್ಲಿ ವೇಗ ಹೆಚ್ಚುತ್ತಿದ್ದಂತೆ ಮುಂದಿನ ಗಾಜಿನ ಮೇಲಂಚಿನಿಂದ ಸೀಟಿಯಂಥ ಸದ್ದು ಶುರುವಾಗುತ್ತದೆ. ನಿಲ್ಲಿಸಿ ನೋಡಿದರೆ ಗಾಜಿನ ಸುತ್ತ ಹೊಳೆಯುವ ಬೀಡಿಂಗ್ ಪಟ್ಟಿಯ ಒಂದು ಮೂಲೆ ಮೇಲಕ್ಕೆದ್ದಿರುತ್ತದೆ. ಬೆರಳಿನಿಂದ ಒತ್ತಿದರೆ ಕೂರುತ್ತದೆ, ಬಿಟ್ಟರೆ ಮತ್ತೆ ಏಳುತ್ತದೆ. ಅಮೆರಿಕದಲ್ಲಿ ನೆಲೆಸಿ, ಆಸೆಪಟ್ಟು 1968ರಿಂದ 1972ರ ನಡುವಿನ ಶೆವ್ರೊಲೆ ಶೆವೆಲ್ ಕೊಂಡ ಓದುಗರಿಗೆ ಇದು ಚೆನ್ನಾಗಿ ಗೊತ್ತಿರುವ ತೊಂದರೆ. ಅದೇ ವರ್ಷಗಳ ಪಾಂಟಿಯಾಕ್ ಜಿಟಿಒ, ಓಲ್ಡ್ಸ್‌ಮೊಬೀಲ್ ಕಟ್ಲಸ್, ಬ್ಯೂಕ್ ಸ್ಕೈಲಾರ್ಕ್ ಇಟ್ಟುಕೊಂಡವರಿಗೂ ಹೊಸದಲ್ಲ. ಇವೆಲ್ಲ ಜನರಲ್ ಮೋಟರ್ಸ್‌ನ ಒಂದೇ ವರ್ಗದ ಕಾರುಗಳು. ಗಾಜನ್ನೂ ಅದರ ಬೀಡಿಂಗನ್ನೂ ಕೂರಿಸುವ ಕ್ರಮ ಎಲ್ಲದರಲ್ಲೂ ಒಂದೇ.

ಹತ್ತಾರು ಡಾಲರಿನ ಒಂದು ಕ್ಲಿಪ್ ಸೆಟ್ ತರಿಸಿ ಶನಿವಾರ ಬೆಳಿಗ್ಗೆ ಬದಲಿಸಿಬಿಡಬಹುದು ಎಂದು ಅನ್ನಿಸುವುದು ಸಹಜ. ಬದಲಿಸಬಹುದು ನಿಜ. ಆದರೆ ಪಟ್ಟಿ ಬಿಚ್ಚಿದಾಗ ಕಾಣುವ ಆ ಕಿರಿದಾದ ಕಾಲುವೆಯನ್ನು ನೋಡದೆ ಹೊಸ ಕ್ಲಿಪ್ ಹಾಕಿ ಮುಚ್ಚಿದರೆ ಕಾರಿಗೆ ಹಾನಿ ಮಾಡಿದಂತೆಯೇ. ಕ್ಲಿಪ್ ಸೋತದ್ದು ಏಕೆ ಎಂಬುದು ಮೊದಲು ಗೊತ್ತಾಗಬೇಕು.

ಬೀಡಿಂಗ್ ನಿಲ್ಲುವುದು ಹೇಗೆ?

ಈ ಕಾರುಗಳ ಬಾಡಿ ತಯಾರಾದದ್ದು ಫಿಶರ್ ಬಾಡಿಯಲ್ಲಿ. 1908ರಲ್ಲಿ ಡೆಟ್ರಾಯಿಟ್‌ನಲ್ಲಿ ಶುರುವಾಗಿ 1926ರ ಹೊತ್ತಿಗೆ ಪೂರ್ತಿಯಾಗಿ ಜನರಲ್ ಮೋಟರ್ಸ್‌ನ ಕೈಸೇರಿದ ಸಂಸ್ಥೆ ಅದು. ಇವುಗಳಲ್ಲಿ ಮುಂದಿನ ಮತ್ತು ಹಿಂದಿನ ಗಾಜುಗಳನ್ನು ಅಂಟಿನಿಂದ ನೇರವಾಗಿ ಲೋಹದ ಅಂಚಿಗೆ ಕೂರಿಸಿದ್ದಾರೆ. ಗಾಜಿನ ತುದಿಗೂ ಚಾವಣಿಯ ತಗಡಿಗೂ ನಡುವೆ ಒಂದು ಸಂದು ಉಳಿಯುತ್ತದೆ. ಮೇಲೆ ಹೇಳಿದ ಕಾಲುವೆ ಇದೇ. ಬೀಡಿಂಗ್ ಆ ಸಂದನ್ನು ಮುಚ್ಚುತ್ತದೆ. ಗಾಜನ್ನು ಹಿಡಿದಿರುವುದು ಬೀಡಿಂಗ್ ಅಲ್ಲ, ಅಂಟು.

ಸಂದಿನ ಗೋಡೆಯುದ್ದಕ್ಕೂ ಮೊಳೆಯ ತಲೆಯಂಥ ಚಿಕ್ಕ ಸ್ಟಡ್‌ಗಳನ್ನು ವೆಲ್ಡ್ ಮಾಡಿರುತ್ತಾರೆ. ಒಂದೊಂದು ಸ್ಟಡ್ಡಿನ ಕುತ್ತಿಗೆಗೆ ಒಂದೊಂದು ಸ್ಪ್ರಿಂಗ್ ಕ್ಲಿಪ್ ಜಾರಿ ಕೂರುತ್ತದೆ. ಬೀಡಿಂಗಿನ ಹೊರ ಅಂಚು ಒಳಕ್ಕೆ ಮಡಿಚಿರುತ್ತದೆ. ಪಟ್ಟಿಯನ್ನು ಒತ್ತಿದಾಗ ಆ ಮಡಿಕೆ ಕ್ಲಿಪ್ಪಿಗೂ ಬಾಡಿಯ ತಗಡಿಗೂ ನಡುವೆ ಇಳಿದು, ಕ್ಲಿಪ್ಪಿನ ನಾಲಿಗೆಗೆ ಸಿಕ್ಕಿಕೊಳ್ಳುತ್ತದೆ. ಹಿಡಿತವೆಲ್ಲ ಇರುವುದು ಕ್ಲಿಪ್ ತಗಡಿಗೆ ಒತ್ತಿಕೊಂಡಿರುವುದರಲ್ಲಿ. ಹಾಗಾಗಿಯೇ ಫಿಶರ್ ಬಾಡಿಯ ಸರ್ವಿಸ್ ಪುಸ್ತಕ ಒಂದು ಅಳತೆ ಕೊಟ್ಟಿದೆ: ಕ್ಲಿಪ್ಪಿನ ಮೇಲ್ತುದಿ ತಗಡಿನಿಂದ ಇಂಚಿನ 32ರಲ್ಲಿ ಒಂದು ಭಾಗ, ಅಂದರೆ ಸುಮಾರು 0.8 ಮಿಲಿಮೀಟರ್ ದೂರ ಸರಿದಿದ್ದರೆ ಅದನ್ನು ಬಗ್ಗಿಸಿ ಸರಿಮಾಡಬೇಕು, ಇಲ್ಲವೇ ಬದಲಿಸಬೇಕು. ಕಣ್ಣಂದಾಜಿಗೆ ಸಿಗದಷ್ಟು ಸಣ್ಣ ಅಂತರ ಅದು. ಸಂದಿನ ಅಳತೆ ನೋಡುವ ತೆಳು ತಗಡಿನ ಫೀಲರ್ ಗೇಜ್ ಇಟ್ಟೇ ನೋಡಿ.

ಸೋಲುವುದು ಎಲ್ಲಿ?

ಬೀಡಿಂಗ್ ಏಳುವುದಕ್ಕೆ ಮೂರು ಕಾರಣಗಳಿವೆ. ಕ್ಲಿಪ್ ಬಗ್ಗಿರಬಹುದು, ಹಿಂದೆ ಗಾಜು ಬದಲಿಸಿದವರು ಸ್ಕ್ರೂಡ್ರೈವರ್ ಹಾಕಿ ಮೀಟಿದ್ದರೆ ಹೀಗಾಗುತ್ತದೆ. ಬೀಡಿಂಗಿನ ಮಡಿಕೆಯೇ ಚಪ್ಪಟೆಯಾಗಿರಬಹುದು. ಮೂರನೆಯದು, ತೀರಾ ಸಾಮಾನ್ಯವಾದದ್ದು, ಸ್ಟಡ್ ತುಕ್ಕು ಹಿಡಿದು ಉದುರಿರುವುದು. ಮೊದಲೆರಡು ಕಾರಣವಾದರೆ ಮಧ್ಯಾಹ್ನದೊಳಗೆ ಕೆಲಸ ಮುಗಿದೀತು. ಮೂರನೆಯದಾದರೆ ಮುಂದಿನ ನಿರ್ಧಾರವನ್ನು ಮಾಡುವುದು ಕಾಲುವೆಯ ಸ್ಥಿತಿ.

ತುಕ್ಕು ಅಲ್ಲಿಂದಲೇ ಏಕೆ ಶುರುವಾಗುತ್ತದೆ? ಬೀಡಿಂಗ್ ಕೆಳಗಿನ ಸಂದಿಗೆ ಮಳೆನೀರು ಇಳಿದೇ ಇಳಿಯುತ್ತದೆ. ಹರಿದುಹೋಗಲು ದಾರಿಯಿದ್ದರೆ ತೊಂದರೆಯಿಲ್ಲ. ಹೆಂಚಿನ ಮನೆಯ ಸೂರಿನ ದೋಣಿಯಲ್ಲಿ ತರಗೆಲೆ ತುಂಬಿ ನೀರು ಕಟ್ಟಿಕೊಳ್ಳುವ ಹಾಗೆ, ಇಲ್ಲಿ ಎಲೆಚೂರು, ಧೂಳು, ಪೈನ್ ಎಸಳು ಸೇರಿ ತೇವ ಹಿಡಿದಿಡುತ್ತವೆ. ಕ್ಲಿಪ್ ಉಜ್ಜಿ ಉಜ್ಜಿ ಸ್ಟಡ್ಡಿನ ಬುಡದ ಬಣ್ಣ ಆಗಲೇ ಕಿತ್ತಿರುತ್ತದೆ. ಬೆತ್ತಲೆ ಉಕ್ಕು, ನಿಂತ ತೇವ, ಚಳಿಗಾಲದಲ್ಲಿ ರಸ್ತೆಗೆ ಎರಚುವ ಉಪ್ಪು ಮೂರೂ ಕೂಡಿದರೆ ತಗಡು ಒಳಗಿನಿಂದ ಕರಗುತ್ತದೆ. ಹೊರಗೆ ಬೀಡಿಂಗ್ ಮಾತ್ರ ಹೊಳೆಯುತ್ತಲೇ ಇರುತ್ತದೆ.

ಹಿಂದಿನ ಗಾಜಿನ ಕೆಳಗಿನ ಎರಡು ಮೂಲೆಗಳು ಎಲ್ಲಕ್ಕಿಂತ ಬೇಗ ಹೋಗುತ್ತವೆ, ಏಕೆಂದರೆ ಚಾವಣಿಯ ನೀರೆಲ್ಲ ಜಾರಿ ಬರುವುದು ಅಲ್ಲಿಗೆ. ಕಾರಣ ತಿಳಿಯದೆ ಡಿಕ್ಕಿಯೊಳಗೆ ತೇವ, ಮುಗ್ಗಲು ವಾಸನೆ ಇದೆಯೆಂದರೆ ಡಿಕ್ಕಿಯ ರಬ್ಬರನ್ನು ದೂರುವ ಮುನ್ನ ಈ ಮೂಲೆಗಳನ್ನು ನೋಡಿ. ವಿನೈಲ್ ಹೊದಿಕೆಯ ಚಾವಣಿ ಇರುವ ಕಾರಿನಲ್ಲಂತೂ ಇನ್ನೂ ಎಚ್ಚರ ಬೇಕು. ಹೊದಿಕೆಯ ಅಂಚು ಬೀಡಿಂಗ್ ಕೆಳಗೇ ಮುಗಿಯುವುದರಿಂದ ತೇವ ಅಲ್ಲಿಂದ ಹೊದಿಕೆಯ ಅಡಿಗೂ ಹಬ್ಬುತ್ತದೆ.

ಮೊದಲು ಸಿದ್ಧ ಮಾಡಿಕೊಳ್ಳಬೇಕಾದ್ದು

ನಿಮ್ಮ ಕಾರಿನ ವರ್ಷದ ಫಿಶರ್ ಬಾಡಿ ಸರ್ವಿಸ್ ಪುಸ್ತಕವನ್ನು ಕೊಂಡುಕೊಳ್ಳಿ. ಎಂಜಿನ್, ಬ್ರೇಕ್ ವಿಷಯದ ಶೆವ್ರೊಲೆ ಪುಸ್ತಕ ಬೇರೆ, ಬಾಡಿಯ ಪುಸ್ತಕ ಬೇರೆ. ಕ್ಲಿಪ್ಪಿನ ಚಿತ್ರ ಇರುವುದು ಎರಡನೆಯದರಲ್ಲಿ.

ಬೀಡಿಂಗ್ ಬಿಚ್ಚುವುದಕ್ಕೆಂದೇ ತೆಳು ಉಕ್ಕಿನ ಒಂದು ಕೊಕ್ಕೆ ಸಿಗುತ್ತದೆ. ಅಗ್ಗದ್ದು. ಚಪ್ಪಟೆ ಬಾಯಿಗೆ ಪಕ್ಕದಲ್ಲಿ ಕಚ್ಚು ಇರುತ್ತದೆ. ಈ ಕೆಲಸದಲ್ಲಿ ಬದಲಿ ಹತಾರಕ್ಕೆ ಎಡೆಯಿಲ್ಲದ ವಸ್ತು ಇದೊಂದೇ. ಜೊತೆಗೆ ಮಾಸ್ಕಿಂಗ್ ಟೇಪ್, ಪ್ಲಾಸ್ಟಿಕ್ ಗೀರುಗತ್ತಿ, ಸಣ್ಣ ತಂತಿ ಬ್ರಶ್, ದಬ್ಬಣ, ಫೀಲರ್ ಗೇಜ್, ತುಕ್ಕು ನಿವಾರಕ, ಎಪಾಕ್ಸಿ ಪ್ರೈಮರ್, ಕೈಗವಸು ಮತ್ತು ಕಣ್ಣಿಗೆ ಕನ್ನಡಕ ಇರಲಿ.

ಕ್ಲಿಪ್ ಸೆಟ್ ಕೊಳ್ಳುವಾಗ ವರ್ಷ ಹೇಳಿದರೆ ಸಾಲದು. ಎರಡು ಬಾಗಿಲಿನದೋ ನಾಲ್ಕು ಬಾಗಿಲಿನದೋ, ಹಾರ್ಡ್‌ಟಾಪೋ ಕನ್ವರ್ಟಿಬಲ್ಲೋ, ಮುಂದಿನ ಗಾಜಿಗೋ ಹಿಂದಿನದಕ್ಕೋ ಎಂಬುದನ್ನೂ ಹೇಳಿ. ಮೂಲೆಯ ಕ್ಲಿಪ್ಪುಗಳ ಆಕಾರ ಬೇರೆ ಇರಬಹುದು. ಹಳೆಯವು ಎಷ್ಟೇ ಹಾಳಾಗಿದ್ದರೂ ಪ್ರತಿ ಬಗೆಯದೊಂದನ್ನು ಮಾದರಿಗೆ ಎತ್ತಿಡಿ, ಹೊಸದರ ಪಕ್ಕ ಇಟ್ಟು ಹೋಲಿಸಿ.

ಬಿಚ್ಚುವ ಕ್ರಮ

1. ಕಾರನ್ನು ನೆರಳಿನಲ್ಲಿ ನಿಲ್ಲಿಸಿ ಸಂದುಗಳ ಕಸ ತೊಳೆದು ಒಣಗಿಸಿ. ತೀರಾ ಚಳಿಯಲ್ಲಿ ಈ ಕೆಲಸ ಬೇಡ. ಹಳೆಯ ಅಂಟು ಗಟ್ಟಿಯಾಗಿ ಬೀಡಿಂಗನ್ನು ಹಿಡಿದುಕೊಂಡಿರುತ್ತದೆ.

2. ಚಾವಣಿಯ ಅಂಚು, ಗಾಜಿನ ಪಕ್ಕದ ಕಂಬಗಳು, ಬಾನೆಟ್ಟಿನ ಹಿಂತುದಿ ಎಲ್ಲಕ್ಕೂ ಎರಡೆರಡು ಪದರ ಟೇಪ್ ಹಚ್ಚಿ. ಮುಂದಿನ ಗಾಜಿನ ಕೆಳಪಟ್ಟಿಗೆ ಕೈ ಹಾಕಬೇಕಾದರೆ ವೈಪರ್ ತೋಳುಗಳನ್ನೂ ಗಾಳಿ ಹೋಗುವ ಜಾಲರಿಯನ್ನೂ ತೆಗೆಯಬೇಕಾಗುತ್ತದೆ.

3. ಮೂಲೆಗಳಲ್ಲಿ ಯಾವ ಪಟ್ಟಿ ಯಾವುದರ ಮೇಲೆ ಕೂತಿದೆ ನೋಡಿ, ಫೋಟೋ ತೆಗೆಯಿರಿ. ಮೇಲೆ ಕೂತದ್ದು ಮೊದಲು ಬರಬೇಕು. ಅಡಿಯದನ್ನು ಮೊದಲು ಎಳೆದರೆ ಎರಡೂ ಸೊಟ್ಟಗಾಗುತ್ತವೆ.

4. ಕೊಕ್ಕೆಯನ್ನು ಗಾಜಿಗೂ ಬೀಡಿಂಗಿಗೂ ನಡುವೆ, ಗಾಜಿನ ಮೇಲೆ ಮಲಗಿಸಿದಂತೆ ಒಳಕ್ಕೆ ತಳ್ಳಿ. ನಿಧಾನವಾಗಿ ಪಕ್ಕಕ್ಕೆ ಸರಿಸುತ್ತ ಹೋಗಿ. ಕ್ಲಿಪ್ ಸಿಕ್ಕಿದಾಗ ಕೈಗೆ ತಡೆ ಗೊತ್ತಾಗುತ್ತದೆ. ಆ ಜಾಗಕ್ಕೆ ಟೇಪಿನ ಮೇಲೆ ಪೆನ್ಸಿಲಿನಲ್ಲಿ ಗುರುತು ಹಾಕಿ. ಒಂದು ಸುತ್ತು ಬರೀ ಗುರುತು ಹಾಕುವುದಕ್ಕೇ ಕೊಡಿ. ಈ ಗುರುತುಗಳು ಮುಂದೆ ಎಷ್ಟು ಸ್ಟಡ್ ಕಳೆದಿವೆ ಎಂಬ ಲೆಕ್ಕವನ್ನೂ ಹೇಳುತ್ತವೆ.

5. ಈಗ ಕ್ಲಿಪ್ಪಿಗೆ ಕಚ್ಚು ಸಿಕ್ಕಿಸಿ, ತಗಡಿನಿಂದ ಗಾಜಿನ ಕಡೆಗೆ ತುಸುವೇ ಸೆಳೆಯಿರಿ. ನಾಲಿಗೆ ಮಡಿಕೆಯನ್ನು ಬಿಡುತ್ತದೆ. ಇನ್ನೊಂದು ಕೈಯಲ್ಲಿ ಬೀಡಿಂಗನ್ನು ಅಲ್ಲಿ ಮಾತ್ರ ಕೊಂಚ ಎತ್ತಿ ಪಕ್ಕದ ಕ್ಲಿಪ್ಪಿಗೆ ಹೋಗಿ. ಎಲ್ಲ ಬಿಟ್ಟ ಮೇಲೆಯೇ ಪಟ್ಟಿ ಹೊರಗೆ ಬರಬೇಕು. ಒಂದು ತುದಿ ಬಂತೆಂದು ಜಗ್ಗಿದರೆ ಉಳಿದ ಕ್ಲಿಪ್ಪಿನ ಬಳಿ ಮಡಚಿಕೊಳ್ಳುತ್ತದೆ. ಸ್ಟೇನ್‌ಲೆಸ್ ಪಟ್ಟಿಯನ್ನು ತಟ್ಟಿ ಪಾಲಿಶ್ ಮಾಡಿ ತಕ್ಕಮಟ್ಟಿಗೆ ಸರಿಮಾಡಿಸಬಹುದು. ಅನೋಡೈಸ್ ಮಾಡಿದ ಅಲ್ಯೂಮಿನಿಯಂ ಮಡಚಿದರೆ ಆ ಗುರುತು ಹೋಗುವುದಿಲ್ಲವೆಂದೇ ತಿಳಿಯಿರಿ.

6. ಸ್ಟಡ್ಡಿನಲ್ಲಿ ಉಳಿದ ಕ್ಲಿಪ್ಪನ್ನು ಇಕ್ಕಳದಲ್ಲಿ ಹಿಡಿದು ತಿರುಚಬೇಡಿ. ಅದರ ಸೀಳು ಯಾವ ದಿಕ್ಕಿಗೆ ತೆರೆದಿದೆ ನೋಡಿ, ಸ್ಟಡ್ಡಿನ ಕುತ್ತಿಗೆಯಿಂದ ಆ ದಿಕ್ಕಿಗೆ ಜಾರಿಸಿ. ತುಕ್ಕಿನಿಂದ ಅಂಟಿಕೊಂಡಿದ್ದರೆ ತುಕ್ಕು ಸಡಿಲಿಸುವ ಎಣ್ಣೆ ಒಂದು ಹನಿ ಬಿಟ್ಟು ಕಾಯಿರಿ, ಆಮೇಲೆ ಎಣ್ಣೆಯನ್ನು ಚೆನ್ನಾಗಿ ಒರೆಸಿ. ಅರ್ಧ ತುಕ್ಕು ಹಿಡಿದ ಸ್ಟಡ್ ತಿರುಚಿದ ಕೂಡಲೇ ಮುರಿಯುತ್ತದೆ, ಒಂದು ನಿಮಿಷದ ಕೆಲಸ ಒಂದು ಸಂಜೆಗೆ ಬೆಳೆಯುತ್ತದೆ.

ಗಾಜಿನ ವಿಷಯದಲ್ಲಿ ಎಚ್ಚರ

ಮುಂದಿನ ಗಾಜು ಎರಡು ಪದರದ್ದು, ನಡುವೆ ಪ್ಲಾಸ್ಟಿಕ್ ಹಾಳೆ. ತುದಿಗೆ ಏಟು ಬಿದ್ದರೆ ಬಿರುಕು ಓಡುತ್ತದೆ. ಹಿಂದಿನ ಗಾಜು ಕಾಯಿಸಿ ಹದಗೊಳಿಸಿದ್ದು. ಅದರ ಬಲವೆಲ್ಲ ಮೈಯಲ್ಲಿದೆ, ತುದಿಯಲ್ಲಿಲ್ಲ. ತುದಿಗೆ ಉಕ್ಕಿನ ಮೊನೆ ತಾಗಿದರೆ ಇಡೀ ಗಾಜು ಒಂದೇ ಸಲಕ್ಕೆ ಪುಡಿಪುಡಿಯಾಗಿ ಸೀಟಿನ ಮೇಲೆ ಸುರಿಯುತ್ತದೆ. ಕೊಕ್ಕೆಯನ್ನು ಎಂದೂ ಗಾಜಿನ ತುದಿಯ ಆಧಾರದ ಮೇಲೆ ಮೀಟಬೇಡಿ. 1970ರ ದಶಕದ ಮೊದಲ ವರ್ಷಗಳ ಕೆಲವು ಜನರಲ್ ಮೋಟರ್ಸ್ ಕಾರುಗಳಲ್ಲಿ ರೇಡಿಯೋದ ಆಂಟೆನಾ ತಂತಿ ಮುಂದಿನ ಗಾಜಿನೊಳಗೇ ಇದೆ. ಅದರ ವೈರು ಹೊರಬರುವ ಕೆಳ ಅಂಚಿನಲ್ಲಿ ಕೈ ಇನ್ನಷ್ಟು ಹಗುರವಾಗಿರಲಿ.

ಕಾಲುವೆಯನ್ನು ಓದುವುದು

ಇಲ್ಲಿ ಅವಸರ ಮಾಡಬೇಡಿ. ಕಸವನ್ನು ಪ್ಲಾಸ್ಟಿಕ್ ಗೀರುಗತ್ತಿಯಿಂದ ಎತ್ತಿ, ಒಳ್ಳೆಯ ದೀಪ ಹಿಡಿದು ಉದ್ದಕ್ಕೂ ನೋಡಿ. ತುಕ್ಕಿನ ಬಣ್ಣ ಕಂಡಲ್ಲೆಲ್ಲ ದಬ್ಬಣದ ಮೊನೆಯಿಂದ ಒತ್ತಿ. ಗಟ್ಟಿಯಾಗಿ ತಡೆದರೆ ಮೇಲುಮೇಲಿನ ತುಕ್ಕು, ನೀವೇ ನಿಭಾಯಿಸಬಹುದು. ಮೊನೆ ಒಳಹೋದರೆ, ಅಥವಾ ತಗಡು ಪದರ ಪದರವಾಗಿ ಏಳುತ್ತಿದ್ದರೆ, ಅಲ್ಲಿಗೆ ನಿಲ್ಲಿಸಿ. ಗಾಜು ಹೊರತೆಗೆದು, ಕೊಳೆತ ಭಾಗ ಕತ್ತರಿಸಿ ಹೊಸ ತಗಡು ವೆಲ್ಡ್ ಮಾಡಬಲ್ಲ ಬಾಡಿ ಕೆಲಸದವರಿಗೆ ಒಪ್ಪಿಸಿ. ಗಾಜು ನಿಂತಿರುವುದೇ ಆ ಅಂಚಿನ ಮೇಲೆ. ಅಪಘಾತವಾದರೆ ಗಾಜು ಜಾಗ ಬಿಡದಂತೆ ತಡೆಯುವುದೂ ಅದೇ. ಇದು ಖರ್ಚಿನ ಕೆಲಸ ಎಂದು ನನಗೆ ಗೊತ್ತು, ಆದರೂ ಪುಟ್ಟಿ ಮೆತ್ತಿ ಮುಚ್ಚಿದ ಅಂಚಿನ ಮೇಲೆ ಗಾಜು ಇಟ್ಟುಕೊಂಡು ಮಕ್ಕಳನ್ನು ಕೂರಿಸಿ ಓಡಿಸುವುದು ಸರಿಯಲ್ಲ.

ಮೇಲಿನ ತುಕ್ಕಾದರೆ ತಂತಿ ಬ್ರಶ್ಶಿನಿಂದ ಹೊಳೆಯುವ ಲೋಹ ಕಾಣುವವರೆಗೆ ಉಜ್ಜಿ. ಗಾಜಿನ ಅಂಟಿಗೆ ಬ್ರಶ್ ತಾಗದಿರಲಿ. ಕುಳಿಗಳೊಳಗೆ ಉಳಿದ ಕಪ್ಪು ಚುಕ್ಕೆಗಳಿಗೆ ಫಾಸ್ಫಾರಿಕ್ ಆಮ್ಲದ ತುಕ್ಕು ನಿವಾರಕ ಹಚ್ಚಿ. ಡಬ್ಬಿಯ ಮೇಲೆ ಹೇಳಿದಷ್ಟು ಹೊತ್ತು ಬಿಟ್ಟು, ಹೇಳಿದಂತೆಯೇ ತೊಳೆದು ಅಥವಾ ಒರೆಸಿ, ಪೂರ್ತಿ ಒಣಗಿಸಿ. ಆಮ್ಲದ ಪಸೆ ಉಳಿದರೆ ಮೇಲಿನ ಪ್ರೈಮರ್ ಹಿಡಿಯುವುದಿಲ್ಲ. ಆಮೇಲೆ ಎರಡು ಡಬ್ಬಿಯದನ್ನು ಬೆರೆಸಿ ಹಚ್ಚುವ ಎಪಾಕ್ಸಿ ಪ್ರೈಮರ್, ಅದರ ಮೇಲೆ ಬಣ್ಣ. ಸ್ಟಡ್ಡಿನ ಬುಡಕ್ಕೆ ಸಣ್ಣ ಕುಂಚದಿಂದ ಸುತ್ತಲೂ ಹಚ್ಚಿ. ಬಣ್ಣ ಗಟ್ಟಿಯಾಗಲು ಬೇಕಾದಷ್ಟು ದಿನ ಕೊಡಿ. ಹಸಿ ಬಣ್ಣದ ಮೇಲೆ ಕ್ಲಿಪ್ ಜಾರಿಸಿದರೆ ಮೊದಲ ಉಜ್ಜಿಗೇ ಮತ್ತೆ ಬೆತ್ತಲೆ ಉಕ್ಕು.

ಈ ರಾಸಾಯನಿಕಗಳನ್ನು ಬಾಗಿಲು ತೆರೆದಿಟ್ಟು, ಕೈಗವಸು ಹಾಕಿಕೊಂಡು ಬಳಸಿ. ಐಸೊಸಯನೇಟ್ ಇರುವ ಎರಡು ಡಬ್ಬಿಯ ಬಣ್ಣವನ್ನು ಸರಿಯಾದ ಉಸಿರಾಟದ ಮುಖವಾಡವಿಲ್ಲದೆ ಸ್ಪ್ರೇ ಮಾಡಲೇಬೇಡಿ. ಸಾಮಾನ್ಯ ಧೂಳಿನ ಮಾಸ್ಕ್ ಅದಕ್ಕೆ ಸಾಲದು.

ಉದುರಿದ ಸ್ಟಡ್ಡಿಗೆ ಏನು ಮಾಡುವುದು?

ಗಾಜು ಹೊರಗಿದ್ದರೆ ಹೊಸ ಸ್ಟಡ್ ವೆಲ್ಡ್ ಮಾಡಿಸುವುದೇ ಉತ್ತಮ. ತಗಡಿನಲ್ಲಿ ತೂತು ಬೀಳುವುದಿಲ್ಲ. ಗಾಜು ಜಾಗದಲ್ಲಿರುವಾಗ ವೆಲ್ಡಿಂಗ್ ಬೇಡ. ಶಾಖಕ್ಕೆ ಗಾಜು ಬಿರುಕು ಬಿಟ್ಟೀತು, ಅಂಟು ಸುಟ್ಟೀತು.

ಗಾಜು ತೆಗೆಯದೆ ಮಾಡಬೇಕಾದರೆ ಸ್ಕ್ರೂ ಸ್ಟಡ್ ಸಿಗುತ್ತದೆ. ಒಂದು ತುದಿಯಲ್ಲಿ ಸ್ಕ್ರೂವಿನ ಎಳೆ, ಇನ್ನೊಂದರಲ್ಲಿ ಮೂಲದ ಅಳತೆಯದೇ ತಲೆ. ಹಳೆಯ ಸ್ಟಡ್ ಇದ್ದ ಜಾಗದ ಪಕ್ಕದಲ್ಲಿ, ಗಟ್ಟಿ ತಗಡಿನಲ್ಲಿ, ಸ್ಕ್ರೂವಿನ ಎಳೆಗಿಂತ ಸಣ್ಣ ತೂತು ಕೊರೆಯಿರಿ. ಡ್ರಿಲ್ ಬಿಟ್ಟಿನ ಮೇಲೆ ಕೆಲವೇ ಮಿಲಿಮೀಟರ್ ಬಿಟ್ಟು ಟೇಪ್ ಸುತ್ತಿ, ಅದಕ್ಕಿಂತ ಒಳಗೆ ಹೋಗಬಾರದು. ಆಚೆಗೆ ಚಾವಣಿಯ ಒಳಬಟ್ಟೆಯಿದೆ, ಕೆಲವೆಡೆ ದೀಪದ ವೈರಿದೆ. ಡ್ರಿಲ್ ಜಾರಿದರೆ ಗಾಜಿಗೆ ತಾಗದಂತೆ ನಡುವೆ ಒಂದು ತೆಳು ತಗಡಿನ ತುಂಡು ನಿಲ್ಲಿಸಿ. ತೂತಿನ ಅಂಚಿಗೆ ಪ್ರೈಮರ್ ಮುಟ್ಟಿಸಿ, ಎಳೆಗೆ ಯುರೆಥೇನ್ ಸೀಲರ್ ಹಚ್ಚಿ ತಿರುಗಿಸಿ. ಸೀಲರ್ ಇಲ್ಲದ ಒಂದೊಂದು ತೂತೂ ನೀರು ಒಳಬರುವ ದಾರಿ. ತಲೆ ಗಾಜಿನ ತುದಿಗೆ ತಾಗುತ್ತಿಲ್ಲ ಎಂಬುದನ್ನು ಕಾಗದದ ಚೂರು ತೂರಿಸಿ ಖಾತ್ರಿ ಮಾಡಿಕೊಳ್ಳಿ. ತಾಗಿದರೆ ರಸ್ತೆಯ ಮೊದಲ ಗುಂಡಿಯಲ್ಲೇ ಗಾಜು ಬಿರಿಯಬಹುದು.

ನೀರು ಮೊದಲು, ಬೀಡಿಂಗ್ ಆಮೇಲೆ

ಬೀಡಿಂಗ್ ಹಾಕುವ ಮುನ್ನವೇ ಸೋರಿಕೆ ನೋಡಿ. ಒಬ್ಬರು ಒಳಗೆ ಟಾರ್ಚ್ ಹಿಡಿದು ಕೂರಲಿ, ಇನ್ನೊಬ್ಬರು ಪೈಪಿನಿಂದ ರಭಸವಿಲ್ಲದೆ ನೀರು ಬಿಡಲಿ. ಕೆಳ ಅಂಚಿನಿಂದ ಶುರುಮಾಡಿ ಮೇಲಕ್ಕೆ ಬನ್ನಿ. ಮೇಲಿನಿಂದ ಬಿಟ್ಟರೆ ನೀರು ಎಲ್ಲೆಡೆ ಹರಿದು ಸೋರುವ ಜಾಗ ಯಾವುದೆಂದು ತಿಳಿಯುವುದಿಲ್ಲ. ಹಿಂದಿನ ಗಾಜಿಗಾದರೆ ಡಿಕ್ಕಿಯ ಚಾಪೆ ತೆಗೆದು ಅಲ್ಲಿಯೂ ನೋಡಿ. ಸೋರಿದರೆ ಈಗ ಸರಿಪಡಿಸುವುದು ಸುಲಭ, ಬೀಡಿಂಗ್ ಕೂರಿಸಿದ ಮೇಲೆ ಮತ್ತೆ ಎಲ್ಲ ಬಿಚ್ಚಬೇಕು.

ಕೂರಿಸುವ ಕ್ರಮ

1. ಹೊಸ ಕ್ಲಿಪ್ಪನ್ನು ಸ್ಟಡ್ಡಿನ ಕುತ್ತಿಗೆಗೆ ಪೂರ್ತಿ ಜಾರಿಸಿ. ಅಲುಗಿದರೆ ಸ್ಟಡ್ ಸವೆದಿದೆ ಎಂದರ್ಥ, ಅದನ್ನು ಬದಲಿಸಿ. ಪ್ರತಿ ಕ್ಲಿಪ್ಪಿನ ಮೇಲ್ತುದಿಗೂ ತಗಡಿಗೂ ನಡುವೆ 0.8 ಮಿಲಿಮೀಟರ್ ಗೇಜ್ ತೂರಿಸಿ ನೋಡಿ. ಸಡಿಲವಾಗಿ ಹೋದರೆ ಕ್ಲಿಪ್ಪನ್ನು ಬಗ್ಗಿಸಿ ಸರಿಮಾಡಿ. ಹೊಸತು ಎಂದ ಮಾತ್ರಕ್ಕೆ ನಂಬಬೇಡಿ, ಈಗ ತಯಾರಾಗುವವೆಲ್ಲ ಒಂದೇ ಗುಣಮಟ್ಟದವಲ್ಲ.

2. ಬೀಡಿಂಗಿನ ಹಿಂಬದಿ ಶುಚಿ ಮಾಡಿ, ಮಡಿಕೆ ಉದ್ದಕ್ಕೂ ಒಂದೇ ಸಮ ಇದೆಯೇ ನೋಡಿ. ಚಪ್ಪಟೆಯಾದಲ್ಲಿ ಮರದ ತುಂಡಿನ ಮೇಲಿಟ್ಟು ಸ್ವಲ್ಪ ಸ್ವಲ್ಪವೇ ತಿದ್ದಿ.

3. ಬಿಚ್ಚಿದ ಕ್ರಮವನ್ನು ತಿರುಗಿಸಿ, ಅಡಿಯಲ್ಲಿ ಕೂರುವ ಪಟ್ಟಿಯಿಂದ ಶುರುಮಾಡಿ. ಮಡಿಕೆಯನ್ನು ಕ್ಲಿಪ್ಪುಗಳ ನೇರಕ್ಕೆ ಹಿಡಿದು, ಟೇಪಿನ ಮೇಲಿನ ಪೆನ್ಸಿಲ್ ಗುರುತು ನೋಡುತ್ತ ಅಂಗೈಯಿಂದ ಒತ್ತಿ. ಕಟಕ್ ಎಂಬ ಸಣ್ಣ ಸದ್ದು ಬರುತ್ತದೆ. ಬಾರದಿದ್ದರೆ ಬಲ ಹೆಚ್ಚಿಸಬೇಡಿ, ಹೊರತೆಗೆದು ಆ ಕ್ಲಿಪ್ ನೋಡಿ.

4. ಎಲ್ಲ ಕೂತ ಮೇಲೆ ಬೆರಳ ತುದಿಯಿಂದ ಉದ್ದಕ್ಕೂ ಮೆಲ್ಲಗೆ ಎತ್ತಲು ನೋಡಿ. ಎಲ್ಲಿಯೂ ಏಳಬಾರದು.

ಹೆಚ್ಚಾಗಿ ಆಗುವ ತಪ್ಪುಗಳು

ಸಿಲಿಕೋನ್ ಹಾಕಿ ಅಂಟಿಸುವುದು ಎಲ್ಲಕ್ಕಿಂತ ಕೆಟ್ಟದ್ದು. ವಿನೆಗರ್ ವಾಸನೆಯ ಸಾಮಾನ್ಯ ಸಿಲಿಕೋನ್ ಗಟ್ಟಿಯಾಗುವಾಗ ಅಸಿಟಿಕ್ ಆಮ್ಲ ಬಿಡುತ್ತದೆ. ಅದು ಬೆತ್ತಲೆ ಉಕ್ಕನ್ನು ತಿನ್ನುತ್ತದೆ. ಮುಂದೆ ಅಲ್ಲಿ ಬಣ್ಣವೂ ಹಿಡಿಯುವುದಿಲ್ಲ, ಗಾಜಿನ ಅಂಟೂ ಹಿಡಿಯುವುದಿಲ್ಲ. ಮುಂದಿನ ಸಲ ಬೀಡಿಂಗ್ ತೆಗೆಯುವಾಗ ಅದು ಸೀದಾ ಬರದೆ ಸುರುಳಿಯಾಗುತ್ತದೆ.

ಕಾಲುವೆಯನ್ನು ಇಡೀ ಸೀಲರ್‌ನಿಂದ ತುಂಬಿಸುವುದು ಇನ್ನೊಂದು. ನೀರು ಬರದಂತೆ ತಡೆದೆವು ಎಂದುಕೊಳ್ಳುತ್ತಾರೆ, ಆದರೆ ನೀರು ಎಲ್ಲಿಂದಲೋ ಒಳಸೇರಿ ಹೊರಹೋಗುವ ದಾರಿ ಕಾಣದೆ ಉಳಿದುಬಿಡುತ್ತದೆ.

ಒಂದೇ ಕ್ಲಿಪ್ ಹೋಗಿದೆಯೆಂದು ಒಂದನ್ನೇ ಬದಲಿಸುವುದು ತಪ್ಪೇನಲ್ಲ. ಆದರೂ ಪಟ್ಟಿ ಹೇಗೂ ಹೊರಬಂದಿರುವಾಗ ಆ ಬದಿಯ ಎಲ್ಲವನ್ನೂ ಬದಲಿಸುವುದು ಜಾಣತನ. ಅಲ್ಯೂಮಿನಿಯಂ ಪಟ್ಟಿ ಎರಡು ಮೂರು ಸಲಕ್ಕಿಂತ ಹೆಚ್ಚು ಬಿಚ್ಚಿ ಹಾಕುವುದನ್ನು ತಾಳುವುದಿಲ್ಲ. ಯಾವ ಲೋಹವೆಂದು ತಿಳಿಯದಿದ್ದರೆ ಅಯಸ್ಕಾಂತ ಮುಟ್ಟಿಸಿ. ಈ ಬಗೆಯ ಸ್ಟೇನ್‌ಲೆಸ್ ಪಟ್ಟಿಗಳಿಗೆ ಸಾಮಾನ್ಯವಾಗಿ ಅಯಸ್ಕಾಂತ ಅಂಟುತ್ತದೆ, ಅಲ್ಯೂಮಿನಿಯಂಗೆ ಅಂಟುವುದೇ ಇಲ್ಲ.

ಕೆಲಸ ಮುಗಿದ ಮೇಲೂ ಎಲೆ ಉದುರುವ ಕಾಲ ಮುಗಿದಾಗ ಒಮ್ಮೆ, ಚಳಿಗಾಲದ ಉಪ್ಪು ಮುಗಿದಾಗ ಒಮ್ಮೆ ಬೀಡಿಂಗ್ ಅಂಚಿನುದ್ದಕ್ಕೂ ಹಗುರವಾಗಿ ನೀರು ಹಾಯಿಸಿ, ಮೇಲೆ ಗಾಳಿ ಊದಿ ಒಣಗಿಸಿ.

ಊರಿನ ಕಾರುಗಳಿಗೆ ಈ ಕ್ರಮ ಬೇಡ

ಊರಲ್ಲಿ ಅಂಬಾಸಿಡರೋ ಪ್ರೀಮಿಯರ್ ಪದ್ಮಿನಿಯೋ ಇದ್ದರೆ ಇದನ್ನೋದಿ ಕೊಕ್ಕೆ ತರಿಸಬೇಡಿ. ಅವುಗಳ ಮುಂದಿನ ಗಾಜು ಕೂತಿರುವುದು ಸುತ್ತಿನ ರಬ್ಬರಿನಲ್ಲಿ. ಅಲ್ಲಿ ಸ್ಟಡ್ಡೂ ಇಲ್ಲ, ಈ ಬಗೆಯ ಕ್ಲಿಪ್ಪೂ ಇಲ್ಲ. ಅಲ್ಲಿ ಹೊಳೆಯುವ ಪಟ್ಟಿ ಎದ್ದಿದ್ದರೆ ರಬ್ಬರು ಒಣಗಿ ಬಿರಿದಿದೆ ಎಂದರ್ಥ. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ವಿಚಾರಿಸಿ ಹೊಸ ರಬ್ಬರು ತನ್ನಿ. ಅದನ್ನು ಗಾಜಿಗೆ ತೊಡಿಸಿ, ಒಳತುಟಿಯ ಸುತ್ತ ಗಟ್ಟಿ ದಾರ ಸೇರಿಸಿ, ಸಾಬೂನು ನೀರು ಹಚ್ಚಿ. ಒಬ್ಬರು ಹೊರಗಿನಿಂದ ಗಾಜನ್ನು ಅಂಗೈಯಲ್ಲಿ ಒತ್ತಿ ಹಿಡಿಯಲಿ, ಇನ್ನೊಬ್ಬರು ಒಳಗಿನಿಂದ ದಾರವನ್ನು ಎಳೆಯುತ್ತ ಬರಲಿ. ದಾರ ಬಂದಂತೆಲ್ಲ ರಬ್ಬರಿನ ತುಟಿ ತಗಡಿನ ಅಂಚನ್ನು ದಾಟಿ ಒಳಗೆ ಕೂರುತ್ತದೆ.